ಸಹಸೇವಕರಿಗೆ ಸೆರೆಯಿಂದ ಬಂದ ಉತ್ತರ: ಬರ್ಮಿಂಗ್‌ಹ್ಯಾಮ್ ಪತ್ರದ ಮನವೊಲಿಕೆ ಮತ್ತು ಸವಿನಯ ಕಾನೂನುಭಂಗದ ನೈತಿಕ ಆಧಾರ

ಸೆರೆಮನೆಯಿಂದ ಬಂದ ಪತ್ರಗಳು ಕ್ರೈಸ್ತ ಸಭೆಗೆ ಹೊಸವಲ್ಲ. ಹೊಸ ಒಡಂಬಡಿಕೆಯ ಕೆಲವು ಪತ್ರಿಕೆಗಳು ಬೇಡಿಗಳ ನಡುವೆಯೇ ಹುಟ್ಟಿದವು. ಅವುಗಳನ್ನು ನಾವು ಆರಾಧನೆಯಲ್ಲಿ ಓದುತ್ತೇವೆ, ವ್ಯಾಖ್ಯಾನಿಸುತ್ತೇವೆ. ಆದರೆ ಬರೆದವನು ಬಂದಿಯಾಗಿದ್ದನೆಂಬುದನ್ನೂ ಅವನನ್ನು ಬಂಧಿಸಿದ ಒಂದು ಅಧಿಕಾರವಿತ್ತೆಂಬುದನ್ನೂ ಬಹುಮಟ್ಟಿಗೆ ಮರೆತು ಓದುತ್ತೇವೆ. ಮಾರ್ಟಿನ್ ಲೂಥರ್ ಕಿಂಗ್ ಅವರು ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಿಂದ ಬರೆದ, 1963ರ ಏಪ್ರಿಲ್ 16ರ ದಿನಾಂಕವನ್ನು ಹೊತ್ತ ಪತ್ರವು ಅಂಥ ಮರೆವಿಗೆ ಆಸ್ಪದ ಕೊಡುವುದಿಲ್ಲ. ತಾನು ಕಾನೂನನ್ನು ಮುರಿದು ಒಳಗೆ ಬಂದಿದ್ದೇನೆ ಎಂಬ ಸಂಗತಿಯಿಂದಲೇ ಅದು ತನ್ನ ವಾದವನ್ನು ಕಟ್ಟುತ್ತದೆ.

ಈ ಪತ್ರವನ್ನು ಎರಡು ಬಗೆಯಾಗಿ ಓದುವ ರೂಢಿಯಿದೆ. ವಾಗ್ಮಿತೆಯ ಅಧ್ಯಾಪಕರು ಅದನ್ನು ಮನವೊಲಿಸುವ ಬರಹದ ಮಾದರಿಯೆಂದು ಪಾಠಮಾಡುತ್ತಾರೆ. ನೀತಿಶಾಸ್ತ್ರದ ಅಧ್ಯಾಪಕರು ಅನ್ಯಾಯದ ಕಾನೂನನ್ನು ಮೀರಬಹುದೆಂಬುದಕ್ಕೆ ಆಧಾರವೆಂದು ಉದಾಹರಿಸುತ್ತಾರೆ. ಒಬ್ಬರಿಗೆ ಅದರ ಅಲಂಕಾರ ಸಾಕು, ಇನ್ನೊಬ್ಬರಿಗೆ ಅದರ ತೀರ್ಮಾನ ಸಾಕು. ಈ ಎರಡೂ ಓದುಗಳು ಪತ್ರದ ಅರ್ಧವನ್ನು ಮಾತ್ರ ಮುಟ್ಟುತ್ತವೆಂದು ನಾವು ಭಾವಿಸುತ್ತೇವೆ. ಕಿಂಗ್ ಅವರ ತರ್ಕದಲ್ಲಿ ಒಂದು ಬಿರುಕಿದೆ. ಆ ಬಿರುಕನ್ನು ತುಂಬುವುದು ಮಾತಿನ ಚಾತುರ್ಯವಲ್ಲ, ಮಾತಾಡುವವನು ತನ್ನ ಮೇಲೆ ಹೊತ್ತುಕೊಂಡ ಶಿಸ್ತು ಮತ್ತು ಶಿಕ್ಷೆ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪಾರಿಭಾಷಿಕ ಪದದ ಬಗ್ಗೆ ಒಂದು ಮಾತು. 1930ರ ಉಪ್ಪಿನ ಸತ್ಯಾಗ್ರಹದ ಕಾಲದಿಂದ, ಅಂಕೋಲೆಯ ಕಡಲತೀರದಲ್ಲಿ ಉಪ್ಪು ತೆಗೆದವರ ನೆನಪಿನೊಡನೆ, ‘ಸವಿನಯ ಕಾನೂನುಭಂಗ’ ಎಂಬ ಮಾತು ಕನ್ನಡದಲ್ಲಿ ನೆಲೆಯೂರಿದೆ. ಭಂಗಕ್ಕೆ ಮೊದಲೇ ವಿನಯವನ್ನು ಇಟ್ಟಿರುವ ಈ ಸಮಾಸವು ನಮ್ಮ ವಾದಕ್ಕೆ ಸಹಾಯಕವಾಗಿದೆ. ಕಾನೂನನ್ನು ಮುರಿಯುವುದು ಯಾರಿಗೂ ಸಾಧ್ಯ. ವಿನಯದಿಂದ ಮುರಿಯುವುದೆಂದರೇನು ಎಂಬುದೇ ಪ್ರಶ್ನೆ.

ಎಂಟು ಮಂದಿಯ ಹೇಳಿಕೆ

ಪತ್ರವನ್ನು ಅರಿಯಲು ಅದು ಯಾವುದಕ್ಕೆ ಉತ್ತರವೋ ಅದನ್ನು ಮೊದಲು ನೋಡಬೇಕು. 1963ರ ಏಪ್ರಿಲ್ 12, ಶುಭ ಶುಕ್ರವಾರ. ಅಂದು ಕಿಂಗ್ ಅವರು ರಾಲ್ಫ್ ಅಬರ್ನ್ಯಾಥಿ ಮೊದಲಾದವರೊಡನೆ ಬರ್ಮಿಂಗ್‌ಹ್ಯಾಮ್‌ನ ಬೀದಿಗಿಳಿದು ಬಂಧಿತರಾದರು. ಮೆರವಣಿಗೆ ನಡೆಸಕೂಡದೆಂದು ರಾಜ್ಯದ ನ್ಯಾಯಾಲಯವೊಂದು ಎರಡು ದಿನಗಳ ಹಿಂದೆ ಪ್ರತಿಬಂಧಕಾಜ್ಞೆ ಹೊರಡಿಸಿತ್ತು. ಅದನ್ನು ತಿಳಿದೇ ಅವರು ಮೀರಿದರು. ಅದೇ ದಿನ ಅಲಬಾಮದ ಎಂಟು ಮಂದಿ ಬಿಳಿಯ ಧರ್ಮನಾಯಕರ ಹೇಳಿಕೆಯೊಂದು ಪ್ರಕಟವಾಯಿತು. ಸಹಿ ಹಾಕಿದವರಲ್ಲಿ ಎಪಿಸ್ಕೋಪಲ್ ಸಭೆಯ ಇಬ್ಬರು ಬಿಷಪರು, ಮೆಥಡಿಸ್ಟ್ ಸಭೆಯ ಇಬ್ಬರು ಬಿಷಪರು, ರೋಮನ್ ಕಥೋಲಿಕ ಸಹಾಯಕ ಬಿಷಪ್ ಜೋಸೆಫ್ ಡ್ಯೂರಿಕ್, ಯೆಹೂದ್ಯ ರಬ್ಬಿ ಮಿಲ್ಟನ್ ಗ್ರಾಫ್‌ಮನ್, ಪ್ರೆಸ್ಬಿಟೇರಿಯನ್ ಸಭೆಯ ಎಡ್ವರ್ಡ್ ರ‍್ಯಾಮೇಜ್ ಮತ್ತು ಬ್ಯಾಪ್ಟಿಸ್ಟ್ ಸಭಾಪಾಲಕ ಅರ್ಲ್ ಸ್ಟಾಲಿಂಗ್ಸ್ ಇದ್ದರು.

ಇವರನ್ನು ವರ್ಣದ್ವೇಷಿಗಳೆಂದು ಎಣಿಸಿ ಮುಂದೆ ಸಾಗುವುದು ಸುಲಭ, ಆದರೆ ಅದು ಸತ್ಯವಲ್ಲ. ಅದೇ ವರ್ಷದ ಜನವರಿಯಲ್ಲಿ, ವರ್ಣಬೇರ್ಪಡಿಕೆಯನ್ನು ಎಂದೆಂದಿಗೂ ಕಾಪಾಡುವುದಾಗಿ ಅಲಬಾಮದ ಹೊಸ ಗವರ್ನರ್ ಜಾರ್ಜ್ ವಾಲೆಸ್ ಸಾರಿದ ಹೊತ್ತಿನಲ್ಲಿ, ನ್ಯಾಯಾಲಯಗಳ ತೀರ್ಪುಗಳನ್ನು ಶಾಂತಿಯಿಂದ ಪಾಲಿಸಬೇಕೆಂದು ಇವರೇ ಬಹಿರಂಗವಾಗಿ ಕೇಳಿಕೊಂಡಿದ್ದರು. ಆ ಕಾಲದ ಅಲಬಾಮದಲ್ಲಿ ಅದಕ್ಕೂ ಧೈರ್ಯ ಬೇಕಿತ್ತು. ಏಪ್ರಿಲ್‌ನ ಹೇಳಿಕೆಯಲ್ಲಿ ಅವರ ಧಾಟಿ ಬೇರೆ. ಪ್ರದರ್ಶನಗಳು ಅವಿವೇಕದವು, ಅಕಾಲಿಕವಾದವು. ಅವುಗಳ ಹಿಂದೆ ಭಾಗಶಃ ಹೊರಗಿನವರಿದ್ದಾರೆ. ಹಕ್ಕುಗಳಿಗಾಗಿ ನ್ಯಾಯಾಲಯದಲ್ಲಿಯೂ ಸ್ಥಳೀಯ ನಾಯಕರ ಮಾತುಕತೆಯಲ್ಲಿಯೂ ಹೋರಾಡಬೇಕೇ ಹೊರತು ಬೀದಿಯಲ್ಲಲ್ಲ. ಪೊಲೀಸರ ಸಂಯಮ ಮೆಚ್ಚತಕ್ಕದ್ದು: ಇದು ಅದರ ಸಾರಾಂಶ. ಕಿಂಗ್ ಅವರ ಹೆಸರನ್ನು ಅದು ಎತ್ತುವುದೇ ಇಲ್ಲ.

ದೇವಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಎಂಟು ಮಂದಿ ಧರ್ಮನಾಯಕರು ಪವಿತ್ರ ವಾರದಲ್ಲಿ ಬರೆದ ಈ ಹೇಳಿಕೆಯಲ್ಲಿ ಧರ್ಮಶಾಸ್ತ್ರದ ಒಂದು ವಚನವಿಲ್ಲ, ಒಬ್ಬ ಪ್ರವಾದಿಯ ಹೆಸರಿಲ್ಲ. ಅದರ ಆಧಾರಸ್ತಂಭಗಳು ಕಾನೂನು, ಸುವ್ಯವಸ್ಥೆ ಮತ್ತು ಸಾಮಾನ್ಯ ವಿವೇಕ. ಸಹಿಯನ್ನು ತೆಗೆದುಬಿಟ್ಟರೆ ಅದು ಯಾವುದೇ ನಗರದ ವರ್ತಕರ ಸಂಘದ ಹೇಳಿಕೆಯೂ ಆಗಬಹುದಿತ್ತು. ಇದಕ್ಕೆ ಉತ್ತರವಾಗಿ ಬಂದ ಬಂದಿಯ ಪತ್ರದಲ್ಲಿ ಆಮೋಸನಿದ್ದಾನೆ, ಪೌಲನಿದ್ದಾನೆ, ಬೆಂಕಿಯ ಆವಿಗೆಯ ಮುಂದೆ ನಿಂತ ಶದ್ರಕ್, ಮೇಶಕ್, ಅಬೇದ್‌ನೆಗೋ ಇದ್ದಾರೆ, ಅಗಸ್ಟೀನ ಮತ್ತು ಅಕ್ವಿನಾಸರಿದ್ದಾರೆ. ಪೀಠದಲ್ಲಿದ್ದವರು ನಾಗರಿಕರಾಗಿ ಮಾತಾಡಿದರು. ಸೆರೆಯಲ್ಲಿದ್ದವನು ಯಾಜಕನಾಗಿ ಉತ್ತರಿಸಿದನು. ಪತ್ರದ ಮನವೊಲಿಕೆಯ ಮೊದಲ ಬಲ ಈ ವೈದೃಶ್ಯದಲ್ಲಿದೆ. ಅದನ್ನು ಕಿಂಗ್ ಎಲ್ಲಿಯೂ ಎತ್ತಿ ಆಡುವುದಿಲ್ಲ, ಬರಿದೇ ಬರೆದು ತೋರಿಸುತ್ತಾರೆ.

ಫಿಲೆಮೋನನಿಗೆ ಬರೆದ ದಾರಿ

ಹೇಳಿಕೆ ಅಚ್ಚಾದ ಪತ್ರಿಕೆಯ ಅಂಚಿನಲ್ಲಿಯೇ ಬರವಣಿಗೆ ಆರಂಭವಾಯಿತು. ಸಿಕ್ಕ ಕಾಗದದ ತುಂಡುಗಳ ಮೇಲೆ ಮುಂದುವರಿದು, ವಕೀಲರು ತಂದುಕೊಟ್ಟ ಹಾಳೆಗಳ ಮೇಲೆ ಮುಗಿಯಿತು. ಅಚ್ಚಿಗೆ ಕೊಡುವಾಗ ತಾವು ಅದನ್ನು ತಿದ್ದಿದ್ದುಂಟೆಂದು ಕಿಂಗ್ ಅವರೇ ಹೇಳಿದ್ದಾರೆ. ಎಂಟು ಮಂದಿಗೆಂದು ಬರೆದ ಪತ್ರ ಕೆಲವೇ ತಿಂಗಳುಗಳಲ್ಲಿ ಕಿರುಹೊತ್ತಗೆಯಾಗಿ, ನಿಯತಕಾಲಿಕಗಳ ಲೇಖನವಾಗಿ ದೇಶವೆಲ್ಲ ಹರಡಿತು. 1964ರಲ್ಲಿ ಅವರ ಗ್ರಂಥವೊಂದರ ಅಧ್ಯಾಯವಾಯಿತು. ಹಾಗಾದರೆ ಇದು ನಿಜವಾಗಿ ಪತ್ರವೇ, ಅಥವಾ ಪತ್ರದ ವೇಷ ಹಾಕಿದ ಪ್ರಚಾರವೇ ಎಂಬ ಆಕ್ಷೇಪ ಹಳೆಯದು.

ಆ ಆಕ್ಷೇಪಕ್ಕೆ ಉತ್ತರ ನಮ್ಮ ಕೈಯಲ್ಲಿರುವ ಶಾಸ್ತ್ರದಲ್ಲೇ ಇದೆ. ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆ ಒಬ್ಬ ಯಜಮಾನನಿಗೆ ಬರೆದದ್ದು. ಆದರೆ ಎರಡನೆಯ ವಚನದಲ್ಲಿಯೇ ಅದು ಅವನ ಮನೆಯಲ್ಲಿ ಕೂಡುವ ಸಭೆಯನ್ನೂ ಸಂಬೋಧಿಸುತ್ತದೆ. ಒನೇಸಿಮನ ವಿಷಯದಲ್ಲಿ ಫಿಲೆಮೋನನು ಮಾಡುವ ತೀರ್ಮಾನ ಅವನದೇ, ಆದರೆ ಅದನ್ನು ಸಭೆಯೆಲ್ಲ ನೋಡುತ್ತಿರುತ್ತದೆ. ಅಪ್ಪಣೆ ಕೊಡುವ ಅಧಿಕಾರವಿದ್ದರೂ ಪ್ರೀತಿಯ ನಿಮಿತ್ತ ಬೇಡಿಕೊಳ್ಳುತ್ತೇನೆಂದು ಪೌಲನು ಎಂಟು, ಒಂಬತ್ತನೆಯ ವಚನಗಳಲ್ಲಿ ತಿಳಿಸುತ್ತಾನೆ. ಮರುಕ್ಷಣವೇ ತಾನು ಬಂದಿಯೆಂಬುದನ್ನು ನೆನಪಿಸುತ್ತಾನೆ. ಬಲವಂತವನ್ನು ಬಿಟ್ಟುಕೊಟ್ಟವನ ಮಾತಿಗೆ ಬರುವ ಬಲ ಇದು. ಕಿಂಗ್ ಅವರ ಪತ್ರ ಈ ವಂಶಕ್ಕೆ ಸೇರಿದ್ದು. ಓದುಗರ ಸದ್ಭಾವವನ್ನು ನಂಬುತ್ತೇನೆಂದು ಅದು ಆರಂಭವಾಗುತ್ತದೆ. ಉದ್ದವಾಯಿತೆಂದು ಕ್ಷಮೆ ಕೇಳಿ, ಸಹೋದರರಾಗಿ ಭೇಟಿಯಾಗುವ ಆಸೆಯನ್ನು ಹೇಳಿ ಮುಗಿಯುತ್ತದೆ. ನಡುವೆ ಅವರು ಹೇಳುವುದು ಕಠಿಣವಾದದ್ದೇ.

ಅವರು ಆರಿಸಿಕೊಂಡ ಸಾಕ್ಷಿಗಳನ್ನೂ ನೋಡಬೇಕು. 1959ರಲ್ಲಿ ಭಾರತಕ್ಕೆ ಬಂದು ಹೋಗಿದ್ದ, ಗಾಂಧೀಜಿಯವರಿಗೆ ತಮ್ಮ ಋಣವನ್ನು ಬೇರೆಡೆ ಧಾರಾಳವಾಗಿ ಹೇಳಿಕೊಂಡ ಕಿಂಗ್, ಈ ಪತ್ರದಲ್ಲಿ ಗಾಂಧೀಜಿಯವರ ಹೆಸರನ್ನು ತರುವುದಿಲ್ಲ. ಇದು ಮರೆವಲ್ಲ. ಎಂಟು ಮಂದಿಯ ಪುಸ್ತಕದ ಕಪಾಟಿನಲ್ಲಿ ಇದ್ದಿರಬಹುದಾದ ಹೆಸರುಗಳನ್ನೇ ಅವರು ಎತ್ತುತ್ತಾರೆ: ಕಥೋಲಿಕ ಬಿಷಪರಿಗೆ ಅಕ್ವಿನಾಸ್, ರಬ್ಬಿಗೆ ಮಾರ್ಟಿನ್ ಬೂಬರ್, ಪ್ರೊಟೆಸ್ಟೆಂಟರಿಗೆ ಪೌಲ್ ಟಿಲ್ಲಿಕ್ ಮತ್ತು ರೈನ್‌ಹೋಲ್ಡ್ ನೀಬೂರ್, ಬ್ಯಾಪ್ಟಿಸ್ಟರಿಗೆ ಜಾನ್ ಬನಿಯನ್, ಎಲ್ಲರಿಗೂ ಜೆಫರ್ಸನ್ ಮತ್ತು ಲಿಂಕನ್. ಕೇಳುಗನಿಗೆ ಹೊಸ ನಂಬಿಕೆಯನ್ನು ಕೊಡುವುದು ಇಲ್ಲಿನ ಮನವೊಲಿಕೆಯ ಕೆಲಸವಲ್ಲ. ನೀವು ಈಗಾಗಲೇ ಅರಿಕೆಮಾಡುವುದನ್ನೇ ನಾನು ಮಾಡಿದ್ದೇನೆ ಎಂದು ತೋರಿಸುವುದು ಅದರ ಕೆಲಸ. ಪ್ರವಾದಿಗಳು ಇಸ್ರಾಯೇಲನ್ನು ಖಂಡಿಸಿದ್ದು ಹೀಗೆಯೇ: ಒಡಂಬಡಿಕೆಗೆ ಹೊರಗಿನ ಮಾತಿನಿಂದಲ್ಲ, ಒಡಂಬಡಿಕೆಯ ಮಾತಿನಿಂದಲೇ.

ಈ ಕ್ರಮಕ್ಕೆ ಒಂದು ಕೊರತೆಯೂ ಉಂಟು. ಎಂಟು ಮಂದಿಯಲ್ಲಿ ಒಬ್ಬರು ರಬ್ಬಿಯಾಗಿದ್ದರು. ಮೊದಲ ಭಾಗದಲ್ಲಿ ಕಿಂಗ್ ಯೆಹೂದ್ಯ ಸಹೋದರರನ್ನು ಕ್ರೈಸ್ತರೊಡನೆ ಸಮನಾಗಿ ಕರೆಯುತ್ತಾರೆ. ಆದರೆ ಸಭೆಯ ವಿಷಯದಲ್ಲಿ ತಮಗಾದ ನಿರಾಶೆಯನ್ನು ಹೇಳುವ ಉತ್ತರಾರ್ಧದಲ್ಲಿ ಭಾಷೆ ಬಹುತೇಕ ಪೂರ್ತಿಯಾಗಿ ಕ್ರೈಸ್ತವಾಗಿಬಿಡುತ್ತದೆ. ರಬ್ಬಿಗಳ ಉಲ್ಲೇಖ ಬಂದರೂ ಹಾದುಹೋಗುತ್ತದೆ. ಮನೆಯೊಳಗಿನ ಜಗಳವನ್ನು ಆಡುವಾಗ ಪಕ್ಕದಲ್ಲಿ ಕುಳಿತ ನೆರೆಯವನು ಮರೆತುಹೋದಂತೆ ಇದು ಕಾಣುತ್ತದೆ.

ಕಾಯುವಿಕೆಯ ವಾಕ್ಯ

ಪತ್ರದ ಅತ್ಯಂತ ಪ್ರಸಿದ್ಧ ಭಾಗವೆಂದರೆ ಅಕಾಲಿಕವೆಂಬ ಆರೋಪಕ್ಕೆ ಕೊಟ್ಟ ಉತ್ತರ. ಇಂಗ್ಲಿಷಿನಲ್ಲಿ ಮುನ್ನೂರಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯವದು. ಇಂಥದ್ದನ್ನು ನೀವು ಕಂಡಾಗ, ಇಂಥದ್ದನ್ನು ಅನುಭವಿಸಿದಾಗ ಎಂದು ಉಪವಾಕ್ಯಗಳು ಒಂದರ ಮೇಲೊಂದು ಬರುತ್ತವೆ: ಗುಂಪುಹಿಂಸೆಯಲ್ಲಿ ಸತ್ತವರು, ಪೊಲೀಸರ ಕ್ರೌರ್ಯ, ವಾಹನದಲ್ಲೇ ಮಲಗಿ ಕಳೆಯಬೇಕಾದ ಪ್ರಯಾಣದ ರಾತ್ರಿಗಳು, ದೂರದರ್ಶನದಲ್ಲಿ ಕಂಡ ಮನೋರಂಜನಾ ಉದ್ಯಾನಕ್ಕೆ ತಾನೇಕೆ ಹೋಗಬಾರದೆಂದು ಕೇಳುವ ಆರು ವರ್ಷದ ಮಗಳು. ಮುಖ್ಯವಾಕ್ಯ ಮಾತ್ರ ಬರುವುದಿಲ್ಲ. ಓದುಗನು ಕಾಯುತ್ತಾನೆ, ಕಾಯುವುದು ಎಷ್ಟು ಕಷ್ಟವೆಂಬುದನ್ನು ಓದುತ್ತಲೇ ಅನುಭವಿಸುತ್ತಾನೆ. ಕೊನೆಗೆ ಬರುವ ಮುಖ್ಯವಾಕ್ಯ ಚಿಕ್ಕದು ಮತ್ತು ಸೌಮ್ಯವಾದದ್ದು: ನಮಗೆ ಕಾಯುವುದು ಯಾಕೆ ಕಷ್ಟವೆಂಬುದು ಆಗ ನಿಮಗೆ ತಿಳಿದೀತು ಎಂಬ ಅರ್ಥದ್ದು.

ಕನ್ನಡಕ್ಕೆ ಇದನ್ನು ತರುವವರು ಒಂದು ತೊಡಕನ್ನು ಎದುರಿಸಬೇಕು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವುದು ಇಂಗ್ಲಿಷಿಗೆ ವಿಶೇಷ, ಕನ್ನಡಕ್ಕೆ ಸಹಜ. ಅಲ್ಲಿ ಉಸಿರುಗಟ್ಟಿಸುವ ವಾಕ್ಯ ಇಲ್ಲಿ ಬರಿಯ ಉದ್ದನೆಯ ವಾಕ್ಯವಾಗಿ ಉಳಿಯಬಹುದು. ಆದರೆ ಇನ್ನೊಂದು ಕಡೆ ಕನ್ನಡದ ಓದುಗನಿಗೆ ಅನುಕೂಲವೂ ಉಂಟು. ಕಪ್ಪು ಗಂಡಸಿಗೆ ಎಷ್ಟು ವಯಸ್ಸಾದರೂ ಹುಡುಗನೆಂಬ ಹೆಸರೇ ಉಳಿಯುವುದನ್ನೂ, ಹೆಂಡತಿಗೂ ತಾಯಿಗೂ ಶ್ರೀಮತಿಯೆಂಬ ಗೌರವ ಸಿಗದಿರುವುದನ್ನೂ ಕಿಂಗ್ ನೋವಿನಿಂದ ಎಣಿಸುತ್ತಾರೆ. ಏಕವಚನ ಬಹುವಚನಗಳ ಒಂದು ಪ್ರತ್ಯಯದಿಂದ ಮನುಷ್ಯನ ಸ್ಥಾನವನ್ನು ಅಳೆಯುವ ಭಾಷೆಯಲ್ಲಿ ಬೆಳೆದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಬಿಳಿಕೂದಲಿನ ಜೀತಗಾರನನ್ನು ಒಡೆಯನ ಚಿಕ್ಕ ಮಗನು ‘ಬಾರೋ’ ಎಂದು ಕರೆಯುವುದನ್ನು ಕೇಳಿದ ಕಿವಿಗಳು ಈ ನೆಲದಲ್ಲಿ ಬೇಕಾದಷ್ಟಿವೆ.

ಭಾವವನ್ನು ಕಲಕುವ ಮಾತು ಯಾವಾಗ ವಂಚನೆಯಾಗುತ್ತದೆ? ವಿಚಾರಕ್ಕೆ ಬದಲಾಗಿ ಭಾವವನ್ನು ಇಟ್ಟಾಗ. ಇಲ್ಲಿ ಹಾಗಾಗಿಲ್ಲ. ಕಾಲವು ತಾನಾಗಿಯೇ ಗಾಯವನ್ನು ಮಾಯಿಸುತ್ತದೆಂಬ ನಂಬಿಕೆ ಎಂಟು ಮಂದಿಯ ಹೇಳಿಕೆಯ ಒಳಗಿನ ಊಹೆ. ಕಾಲಕ್ಕೆ ಸ್ವಂತ ನೀತಿಯಿಲ್ಲ, ಅದನ್ನು ಕೆಟ್ಟವರೂ ಬಳಸಬಲ್ಲರು ಎಂಬುದು ಕಿಂಗ್ ಅವರ ಉತ್ತರ. ಆ ಉತ್ತರ ನಿಲ್ಲಬೇಕಾದರೆ, ಕಾದ ಕಾಲದಲ್ಲಿ ಏನಾಯಿತೆಂದು ತಿಳಿಯಬೇಕು. ಉದ್ದ ವಾಕ್ಯದಲ್ಲಿರುವುದು ಅದೇ ಪುರಾವೆ. ಅಲ್ಲಿ ಭಾವವು ತರ್ಕದ ಸಾಕ್ಷಿಯಾಗಿ ಬಂದಿದೆ. ಮೇಲಾಗಿ ಅವರು ಕಾಯದವರೇನೂ ಅಲ್ಲ: 1963ರ ಮಾರ್ಚ್‌ನ ನಗರಾಧ್ಯಕ್ಷ ಚುನಾವಣೆ ಮುಗಿಯಲೆಂದು ಕಾದರು; ಮರುಚುನಾವಣೆ ಬಂದಾಗ ಏಪ್ರಿಲ್ 2ರವರೆಗೆ ಮತ್ತೆ ಕಾದರು. ಈ ತೇದಿಗಳನ್ನು ಹೇಳದೆ ಬರಿಯ ವಾಗ್ಮಿತೆಯನ್ನು ಹೊಗಳುವವರು ಪತ್ರಕ್ಕೆ ಅನ್ಯಾಯ ಮಾಡುತ್ತಾರೆ.

ಮೂರು ಒರೆಗಲ್ಲುಗಳು ಮತ್ತು ಒಂದು ಬಿರುಕು

ಈಗ ಪತ್ರದ ಹೃದಯಕ್ಕೆ ಬರೋಣ. 1954ರಲ್ಲಿ ಶಾಲೆಗಳ ವರ್ಣಬೇರ್ಪಡಿಕೆಯನ್ನು ಅಸಿಂಧುವೆಂದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಪಾಲಿಸಿರೆಂದು ಬಿಳಿಯರನ್ನು ಒತ್ತಾಯಿಸುವವರು, ತಾವೇ ಒಂದು ನ್ಯಾಯಾಲಯದ ಆಜ್ಞೆಯನ್ನು ಮೀರುವುದು ಹೇಗೆ? ಈ ಪ್ರಶ್ನೆಯನ್ನು ಕಿಂಗ್ ತಾವೇ ಎತ್ತಿಕೊಳ್ಳುತ್ತಾರೆ. ಕಾನೂನುಗಳಲ್ಲಿ ನ್ಯಾಯವಾದವೂ ಅನ್ಯಾಯವಾದವೂ ಉಂಟೆಂಬುದು ಅವರ ಉತ್ತರ. ಗುರುತಿಸಲು ಮೂರು ಒರೆಗಲ್ಲುಗಳನ್ನು ಕೊಡುತ್ತಾರೆ. ದೇವರ ನಿತ್ಯನಿಯಮಕ್ಕೆ ಹೊಂದದ ಮಾನವ ಶಾಸನ ಅನ್ಯಾಯ. ಇದು ಅಗಸ್ಟೀನ, ಅಕ್ವಿನಾಸರ ದಾರಿ. ಮನುಷ್ಯನ ವ್ಯಕ್ತಿತ್ವವನ್ನು ಕುಗ್ಗಿಸುವ ಶಾಸನ ಅನ್ಯಾಯ. ಇದು ಬೂಬರ್ ಅವರ ಚಿಂತನೆಯ, ಹಾಗೂ ಕಿಂಗ್ ಅವರು ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಕಲಿತ ವ್ಯಕ್ತಿತ್ವವಾದದ ದಾರಿ. ಬಹುಸಂಖ್ಯಾತರು ತಮ್ಮನ್ನು ಬಿಟ್ಟು ಅಲ್ಪಸಂಖ್ಯಾತರ ಮೇಲೆ ಮಾತ್ರ ಹೇರುವ, ಮತದಾನದ ಹಕ್ಕಿಲ್ಲದವರ ಮೇಲೆ ಹೇರುವ ಶಾಸನ ಅನ್ಯಾಯ. ಇದು ಪ್ರಜಾಪ್ರಭುತ್ವದ ದಾರಿ.

ಈ ಮೂರೂ ಒಂದೇ ಬೇರಿನಿಂದ ಬಂದವಲ್ಲ. ಎಲ್ಲರ ಮತದಿಂದ ಆದ ಶಾಸನವೂ ಮನುಷ್ಯನನ್ನು ಕುಗ್ಗಿಸಬಹುದು. ಯಾರ ಮತವೂ ಇಲ್ಲದೆ ಆದ ಶಾಸನವು ಒಳ್ಳೆಯದಾಗಿರಬಹುದು. ಒರೆಗಲ್ಲುಗಳು ಒಂದಕ್ಕೊಂದು ಒಪ್ಪದಿದ್ದರೆ ಯಾವುದನ್ನು ನಂಬಬೇಕು? ಪತ್ರ ಹೇಳುವುದಿಲ್ಲ. ನಿತ್ಯನಿಯಮವನ್ನು ಪಾಪದಿಂದ ಮಬ್ಬಾದ ನಮ್ಮ ಬುದ್ಧಿ ಓದಬಲ್ಲುದೇ ಎಂಬ ಸುಧಾರಣಾ ಪರಂಪರೆಯ ಪ್ರಶ್ನೆಯೂ ಇದೆ. 1934ರಲ್ಲಿ ಸ್ವಾಭಾವಿಕ ದೇವಜ್ಞಾನದ ಕುರಿತು ಎಮಿಲ್ ಬ್ರುನ್ನರ್ ಅವರಿಗೆ ಖಡಾಖಂಡಿತವಾಗಿ ಇಲ್ಲವೆಂದು ಉತ್ತರಿಸಿದ ಕಾರ್ಲ್ ಬಾರ್ತ್, ಅದೇ ವರ್ಷ ಬಾರ್ಮೆನ್ ಘೋಷಣೆಯಲ್ಲಿ ಸಭೆಯ ಪ್ರತಿರೋಧವನ್ನು ಕ್ರಿಸ್ತನೊಬ್ಬನ ಮೇಲೆಯೇ ಕಟ್ಟಿದರು. ಕಿಂಗ್ ಆ ದಾರಿಯನ್ನು ಹಿಡಿಯಲಿಲ್ಲ. ಹಿಡಿದಿದ್ದರೆ ರಬ್ಬಿಯೊಡನೆಯೂ ಅವಿಶ್ವಾಸಿಯೊಡನೆಯೂ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನೂ ಇಕ್ಕಟ್ಟಿನ ಸ್ಥಳವೊಂದಿದೆ. ಶುಭ ಶುಕ್ರವಾರದಂದು ಅವರು ಮುರಿದದ್ದು ವರ್ಣಬೇರ್ಪಡಿಕೆಯ ಶಾಸನವನ್ನಲ್ಲ, ಮೆರವಣಿಗೆಯ ಮೇಲಿನ ನಿರ್ಬಂಧವನ್ನು. ಮೆರವಣಿಗೆಗೆ ಪರವಾನಗಿ ಬೇಕೆಂಬ ನಿಯಮ ತನ್ನಷ್ಟಕ್ಕೆ ತಪ್ಪಲ್ಲವೆಂದು ಅವರೇ ಒಪ್ಪುತ್ತಾರೆ. ಬೇರ್ಪಡಿಕೆಯನ್ನು ಕಾಯಲು ಅದನ್ನು ಬಳಸಿದಾಗ ಅದು ಅನ್ಯಾಯವಾಗುತ್ತದೆ ಎನ್ನುತ್ತಾರೆ. ಮಾತು ಸರಿಯಾದದ್ದೇ. ಆದರೆ ರೂಪದಲ್ಲಿ ನ್ಯಾಯವಾದ ಕಾನೂನು ಬಳಕೆಯಲ್ಲಿ ಅನ್ಯಾಯವಾಯಿತೆಂದು ತೀರ್ಮಾನಿಸುವವರು ಯಾರು? ಪ್ರತಿಯೊಬ್ಬನೂ ತನಗೆ ತಾನೇ ನ್ಯಾಯಾಧೀಶನಾದರೆ, ತೀರ್ಪನ್ನು ಧಿಕ್ಕರಿಸುವ ಬಿಳಿಯ ಗವರ್ನರನೂ ಮನಸ್ಸಾಕ್ಷಿಯ ಹೆಸರು ಹೇಳಬಹುದಲ್ಲವೇ? ನಾವು ಬಿರುಕೆಂದದ್ದು ಇದನ್ನೇ. ವ್ಯಾಖ್ಯೆಗಳಿಂದ ಇದನ್ನು ಮುಚ್ಚಲಾಗದು. ಹಿಟ್ಲರನ ಆಡಳಿತದಲ್ಲಿ ನಡೆದದ್ದೆಲ್ಲ ಕಾನೂನುಬದ್ಧವಾಗಿತ್ತೆಂಬ ಅವರ ಪ್ರಬಲ ಉದಾಹರಣೆಯೂ ಮುಚ್ಚದು. ತುತ್ತತುದಿಯ ಉದಾಹರಣೆ ತತ್ವವನ್ನು ಸ್ಥಾಪಿಸುತ್ತದೆ, ನಡುವಿನ ಪ್ರಕರಣವನ್ನು ತೀರ್ಮಾನಿಸುವುದಿಲ್ಲ.

ಕಿಂಗ್ ಅದನ್ನು ಮುಚ್ಚುವುದು ಬೇರೆ ರೀತಿಯಿಂದ. ಅನ್ಯಾಯದ ಕಾನೂನನ್ನು ಮೀರುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಯನ್ನು ಸ್ವೀಕರಿಸಲು ಸಿದ್ಧನಾಗಿ ಮೀರಬೇಕು. ಹಾಗೆ ಮಾಡುವವನು ಕಾನೂನಿಗೆ ಅತ್ಯುನ್ನತ ಗೌರವವನ್ನೇ ಸಲ್ಲಿಸುತ್ತಾನೆ ಎಂಬುದು ಅವರ ವಾದ. ತೀರ್ಪನ್ನು ಧಿಕ್ಕರಿಸುವ ಅಧಿಕಾರಿ ತನ್ನ ಅವಿಧೇಯತೆಯ ವೆಚ್ಚವನ್ನು ಇತರರ ಮೇಲೆ ಹಾಕುತ್ತಾನೆ. ಸತ್ಯಾಗ್ರಹಿಯು ತನ್ನ ದೇಹದ ಮೇಲೆ ಹಾಕಿಕೊಳ್ಳುತ್ತಾನೆ. ಮೀರುವ ಮೊದಲಿನ ನಾಲ್ಕು ಹೆಜ್ಜೆಗಳೂ ಇದಕ್ಕೇ ಸೇರಿದವು: ಅನ್ಯಾಯ ನಿಜವಾಗಿ ಇದೆಯೇ ಎಂದು ಸಂಗತಿಗಳನ್ನು ಕೂಡಿಸುವುದು, ಮಾತುಕತೆ, ಆತ್ಮಶುದ್ಧಿ, ಆ ಬಳಿಕ ನೇರ ಕ್ರಿಯೆ. ಬರ್ಮಿಂಗ್‌ಹ್ಯಾಮ್‌ನ ವರ್ತಕರೊಡನೆ 1962ರ ಸೆಪ್ಟೆಂಬರಿನಲ್ಲಿ ಮಾತುಕತೆ ನಡೆದಿತ್ತು. ಅಂಗಡಿಗಳ ಅವಮಾನಕರ ಫಲಕಗಳನ್ನು ತೆಗೆಯುವ ಮಾತು ಕೊಟ್ಟು ಅವರು ಮುರಿದಿದ್ದರು. ಹೊಡೆತ ತಿಂದು ತಿರುಗಿ ಹೊಡೆಯದಿರಬಲ್ಲೆಯಾ ಎಂದು ಸ್ವಯಂಸೇವಕರನ್ನು ಶಿಬಿರಗಳಲ್ಲಿ ಪರೀಕ್ಷಿಸಲಾಗಿತ್ತು. ಅವರು ಸಹಿ ಹಾಕಿದ ಪ್ರತಿಜ್ಞೆಯ ಮೊದಲ ಅಂಶ ಯೇಸುವಿನ ಜೀವನ ಮತ್ತು ಬೋಧನೆಗಳನ್ನು ದಿನಾಲು ಧ್ಯಾನಿಸುವುದಾಗಿತ್ತು. ‘ಸವಿನಯ’ ಎಂಬ ಪದದ ಅರ್ಥ ಇಲ್ಲಿ ತಿಳಿಯಾಗುತ್ತದೆ.

ಮುಂದೆ ಇತಿಹಾಸವು ಈ ವಾದವನ್ನು ಒರೆಗೆ ಹಚ್ಚಿತು. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ, ಆಜ್ಞೆ ದೋಷಯುಕ್ತವಾಗಿದ್ದರೂ ಅದನ್ನು ಮೀರುವ ಮೊದಲು ನ್ಯಾಯಾಲಯದಲ್ಲಿಯೇ ಪ್ರಶ್ನಿಸಬೇಕಿತ್ತೆಂದು ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಐದು ದಿನಗಳ ಆ ಶಿಕ್ಷೆಯನ್ನು ಹೊರಲು, ಅಷ್ಟರಲ್ಲಿ ನೊಬೆಲ್ ಶಾಂತಿ ಪುರಸ್ಕಾರವನ್ನು ಪಡೆದಿದ್ದ ಕಿಂಗ್, ಅಕ್ಟೋಬರ್ ಕೊನೆಯಲ್ಲಿ ಅಲಬಾಮಕ್ಕೆ ಹೋಗಿ ಸೆರೆ ಸೇರಿದರು. 1969ರಲ್ಲಿ, ಅವರು ತೀರಿಹೋದ ಮೇಲೆ, ಸಭಾಪಾಲಕ ಫ್ರೆಡ್ ಶಟಲ್ಸ್‌ವರ್ತ್ ಅವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಆ ಪರವಾನಗಿ ನಿಯಮವನ್ನು ಜಾರಿಗೊಳಿಸಿದ ರೀತಿ ಸಂವಿಧಾನಕ್ಕೆ ವಿರುದ್ಧವೆಂದು ಶಿಕ್ಷೆಯನ್ನು ರದ್ದುಮಾಡಿತು. ಕಾನೂನು ತಪ್ಪಾಗಿತ್ತು, ಶಿಕ್ಷೆ ನಡೆದಿತ್ತು. ಈ ಎರಡರ ನಡುವೆ ನಿಲ್ಲಲು ಒಪ್ಪಿದವನೇ 1963ರಲ್ಲಿ ಆ ಪತ್ರವನ್ನು ಬರೆದದ್ದು.

ರೋಮಾಪುರ 13ರ ಕುರಿತ ಮೌನ

ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಬೋಧಿಸುವ ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯ ಈ ಪತ್ರದಲ್ಲಿ ಬರುವುದಿಲ್ಲ. ಎಂಟು ಮಂದಿ ಅದನ್ನು ಎತ್ತಲಿಲ್ಲ, ಆದ್ದರಿಂದ ಕಿಂಗ್ ಉತ್ತರಿಸಲಿಲ್ಲ ಎನ್ನಬಹುದು. ಆದರೂ ಪ್ರತಿಯೊಬ್ಬ ಸಭಾಪಾಲಕನ ಮನಸ್ಸಿನಲ್ಲಿ ಮೊದಲು ಏಳುವ ವಾಕ್ಯಭಾಗ ಅದೇ ಆಗಿರುವುದರಿಂದ, ಈ ಮೌನವನ್ನು ಕೊರತೆಯೆಂದೇ ನಾವು ಎಣಿಸುತ್ತೇವೆ.

ಪತ್ರದ ಒಳಗಿನ ತರ್ಕವನ್ನೇ ಹಿಡಿದು ಈ ಕೊರತೆಯನ್ನು ತುಂಬಲು ಸಾಧ್ಯ. ಅಧೀನತೆ ಬೇರೆ, ವಿಧೇಯತೆ ಬೇರೆ. ಹಿರೀಸಭೆಯ ಮುಂದೆ ನಿಂತ ಪೇತ್ರನೂ ಅಪೊಸ್ತಲರೂ ಸಾರುವುದನ್ನು ನಿಲ್ಲಿಸೆಂಬ ಅಪ್ಪಣೆಗೆ ವಿಧೇಯರಾಗಲಿಲ್ಲ. ಕೊಟ್ಟ ಪೆಟ್ಟುಗಳಿಂದ ತಪ್ಪಿಸಿಕೊಳ್ಳಲೂ ಇಲ್ಲ (ಅಪೊಸ್ತಲರ ಕೃತ್ಯಗಳು 5). ಫಿಲಿಪ್ಪಿಯಲ್ಲಿ ಸೆರೆಯ ಬಾಗಿಲುಗಳು ತೆರೆದುಕೊಂಡಾಗ ಪೌಲನು ಓಡಿಹೋಗಲಿಲ್ಲ. ಬೆಳಗಾದ ಮೇಲೆ ಗುಟ್ಟಾಗಿ ಬಿಟ್ಟುಬಿಡಲು ಬಂದ ಅಧಿಕಾರಿಗಳಿಗೆ ಸುಮ್ಮನೆ ಒಪ್ಪಲೂ ಇಲ್ಲ, ವಿಚಾರಣೆಯಿಲ್ಲದೆ ಹೊಡೆಸಿದ್ದಕ್ಕೆ ಅವರೇ ಬಂದು ಕರೆದುಕೊಂಡು ಹೋಗಬೇಕೆಂದನು (ಅಪೊಸ್ತಲರ ಕೃತ್ಯಗಳು 16). ಅಪ್ಪಣೆಯನ್ನು ಮೀರಿಯೂ ಅಧಿಕಾರಕ್ಕೆ ತಲೆಯೊಡ್ಡುವ ಈ ನಡೆಯಲ್ಲಿ ರೋಮಾಪುರ 13ರ ಅಧೀನತೆಯೂ ದೇವರಿಗೆ ಸಲ್ಲಬೇಕಾದ ವಿಧೇಯತೆಯೂ ಒಟ್ಟಿಗೆ ನಿಲ್ಲುತ್ತವೆ. ಕಿಂಗ್ ಅವರು ಶಿಕ್ಷೆಯನ್ನು ಸ್ವೀಕರಿಸಿದ್ದು ಆ ಅಧ್ಯಾಯಕ್ಕೆ ಬರೆಯದೆ ಕೊಟ್ಟ ವ್ಯಾಖ್ಯಾನವೆಂದು ನಾವು ಓದುತ್ತೇವೆ.

ಕೇಳುಗರಿಗೆ ನ್ಯಾಯ ಸಂದಿತೇ?

ದ್ವೇಷವನ್ನೇ ಕಸುಬು ಮಾಡಿಕೊಂಡ ಸಂಘಟನೆಗಳಿಗಿಂತಲೂ, ನ್ಯಾಯಕ್ಕಿಂತ ಸುವ್ಯವಸ್ಥೆಯನ್ನು ಹೆಚ್ಚು ಪ್ರೀತಿಸುವ ಬಿಳಿಯ ಮಿತವಾದಿಯೇ ದೊಡ್ಡ ಅಡ್ಡಿಯಾಗಿರಬಹುದೆಂದು ಕಿಂಗ್ ಬರೆಯುತ್ತಾರೆ. ಪತ್ರದ ಅತ್ಯಂತ ಕಠಿಣ ತೀರ್ಪು ಇದು. ಇದರಿಂದ ಆ ಎಂಟು ಹೆಸರುಗಳು ಚರಿತ್ರೆಯಲ್ಲಿ ಒಂದೇ ಬಣ್ಣದಲ್ಲಿ ಉಳಿದುಬಿಟ್ಟವು. ಅವರೆಲ್ಲರೂ ಒಂದೇ ಆಗಿರಲಿಲ್ಲ. ಈಸ್ಟರ್ ಭಾನುವಾರ ತಮ್ಮ ಆಲಯಕ್ಕೆ ಬಂದ ಕಪ್ಪು ಆರಾಧಕರನ್ನು ಒಳಗೆ ಬರಮಾಡಿಕೊಂಡ ಸ್ಟಾಲಿಂಗ್ಸ್ ಅವರನ್ನು ಪತ್ರವೇ ಹೆಸರಿಸಿ ಮೆಚ್ಚುತ್ತದೆ. ಆ ಮೆಚ್ಚುಗೆಯನ್ನು ಓದುಗರು ನೆನಪಿಡುವುದು ಕಡಿಮೆ. ಅವರು ತಮ್ಮ ಸಭೆಯೊಳಗಿನ ಎರಡು ಪಕ್ಷಗಳ ನಡುವೆ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಊರು ಬಿಟ್ಟರು. ಡ್ಯೂರಿಕ್ ಅವರು ಮುಂದೆ ನ್ಯಾಶ್‌ವಿಲ್‌ನ ಬಿಷಪರಾಗಿ ನಾಗರಿಕ ಹಕ್ಕುಗಳ ಪರ ಗಟ್ಟಿಯಾಗಿ ನಿಂತರು.

ಹಾಗಾದರೆ ಪತ್ರ ಅನ್ಯಾಯ ಮಾಡಿತೇ? ವ್ಯಕ್ತಿಗಳ ವಿಷಯದಲ್ಲಿ ಸ್ವಲ್ಪಮಟ್ಟಿಗೆ ಹೌದು. ಅವರ ಹೇಳಿಕೆಯ ವಿಷಯದಲ್ಲಿ ಇಲ್ಲ. ಪೊಲೀಸರ ಸಂಯಮವನ್ನು ಅವರು ಹೊಗಳಿದ ಮೂರು ವಾರಗಳಲ್ಲಿಯೇ, ಮೇ ತಿಂಗಳ ಮೊದಲ ದಿನಗಳಲ್ಲಿ, ಪೊಲೀಸ್ ಆಯುಕ್ತ ಯೂಜೀನ್ ಕಾನರ್ ಅವರ ಆಜ್ಞೆಯಂತೆ ಶಾಲಾಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಡಲಾಯಿತು. ಸೆಪ್ಟೆಂಬರ್ 15ರ ಭಾನುವಾರ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಆಲಯದಲ್ಲಿ ಬಾಂಬು ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು. ಒಳ್ಳೆಯ ಮನಸ್ಸಿನವರು ಒಟ್ಟಾಗಿ ಸಹಿ ಹಾಕಿದ ಹೇಳಿಕೆ, ಅವರಲ್ಲಿ ಯಾರೊಬ್ಬರ ಮನಸ್ಸಿಗಿಂತಲೂ ಕೆಳಗಿನದಾಗಿರಬಹುದು. ಸಭೆಯ ಆಡಳಿತ ಮಂಡಳಿಗಳಲ್ಲಿ ಕುಳಿತವರಿಗೆ ಇದು ಅಪರಿಚಿತ ಅನುಭವವಲ್ಲ.

ಪ್ರಸಂಗಪೀಠಕ್ಕೆ

ಇಂದು ಈ ಪತ್ರವನ್ನು ಎರಡು ಕಡೆಯವರೂ ಸುಲಭವಾಗಿ ಬಳಸಿಕೊಳ್ಳುತ್ತಾರೆ. ಯಾವ ನಿಯಮವನ್ನಾದರೂ ಮೀರುವವರು ಅದನ್ನು ಪರವಾನಗಿಯಂತೆ ಹಿಡಿಯುತ್ತಾರೆ. ಯಾವ ನಿಯಮವನ್ನೂ ಮೀರದವರು ಅದನ್ನು ಪ್ರಸಂಗದಲ್ಲಿ ಸೊಗಸಾಗಿ ಉಲ್ಲೇಖಿಸುತ್ತಾರೆ. ಮೊದಲನೆಯವರನ್ನು ಕೇಳಬೇಕಾದದ್ದು: ಸಂಗತಿಗಳನ್ನು ಕೂಡಿಸಿದಿರಾ, ಮಾತಾಡಿ ನೋಡಿದಿರಾ, ನಿಮ್ಮನ್ನು ಶೋಧಿಸಿಕೊಂಡಿರಾ, ಶಿಕ್ಷೆಯನ್ನು ಯಾರು ಹೊರುತ್ತಾರೆ? ಎರಡನೆಯವರನ್ನು, ಅಂದರೆ ಬಹುಮಟ್ಟಿಗೆ ನಮ್ಮನ್ನು, ಕೇಳಬೇಕಾದದ್ದು ಬೇರೆ. ಜಾತಿಯ ಗೆರೆಯು ಆಲಯದ ಆಸನಗಳಿಂದ ಸಮಾಧಿಯ ಭೂಮಿಯವರೆಗೂ ಬಂದದ್ದನ್ನು ಭಾರತದ ಕ್ರೈಸ್ತ ಚರಿತ್ರೆ ಬಲ್ಲದು. ಆ ಗೆರೆಯನ್ನು ಅಳಿಸಲು ಹೊರಟವರಿಗೆ ಕಾಯಿರೆಂದು, ಸಮಯ ಸರಿಯಿಲ್ಲವೆಂದು, ಸಭೆಯ ಸಮಾಧಾನ ಕೆಡುತ್ತದೆಂದು ಹೇಳಿದವರು ದುಷ್ಟರಲ್ಲ. ಸಹಿ ಹಾಕುವ ಅಧಿಕಾರವಿದ್ದ ಸಜ್ಜನರು.

ಆದುದರಿಂದ ಪ್ರಸಂಗಶಾಸ್ತ್ರದ ತರಗತಿಯಲ್ಲಿ ಈ ಪತ್ರವನ್ನು ಎಂಟು ಮಂದಿಯ ಹೇಳಿಕೆಯ ಜೊತೆಯಲ್ಲಿಯೇ ಓದಿಸಬೇಕೆಂಬುದು ನಮ್ಮ ಸಲಹೆ. ಒಂದರ ವಾಕ್ಯಗಳು ಸಮತೂಕದವು, ಸಭ್ಯವಾದವು, ಯಾರನ್ನೂ ನೋಯಿಸದಂಥವು. ಬರೆದವರಿಗೆ ಅವುಗಳ ಸಲುವಾಗಿ ಏನನ್ನೂ ತೆರಬೇಕಾಗಿರಲಿಲ್ಲ. ಇನ್ನೊಂದರ ಪ್ರತಿಯೊಂದು ವಾಕ್ಯಕ್ಕೂ ಬರೆದವನು ಹೊಣೆಗಾರನಾಗಿ ಒಳಗೆ ಕುಳಿತಿದ್ದನು. ನಮ್ಮ ಸುತ್ತೋಲೆಗಳನ್ನೂ ನಿರ್ಣಯಗಳನ್ನೂ ಪ್ರಸಂಗಗಳನ್ನೂ ಇವೆರಡರ ನಡುವೆ ಇಟ್ಟು ನೋಡೋಣ. ಅವು ಯಾವುದಕ್ಕೆ ಹತ್ತಿರವಾಗಿವೆ ಎಂಬುದನ್ನು ತಿಳಿಯಲು ವಾಗ್ಮಿತೆಯ ಪಾಂಡಿತ್ಯ ಬೇಕಾಗುವುದಿಲ್ಲ.